ವಾಕಿಂಗ್ ಬಿಟ್ಟೋರು ಮತ್ತೆ ಶುರು ಮಾಡೋದು ಹೇಗೆ?

ಜನವರೀಲಿ ವಾಕಿಂಗ್ ಶುರು ಮಾಡೋದು ಯಾರಿಗೂ ಕಷ್ಟ ಅಲ್ಲ. ನಮ್ಮ ಭಾವ ಮೂರು ಸಲ ಶುರು ಮಾಡಿದ್ದಾರೆ, ಮೂರು ಜೊತೆ ಶೂನೂ ಇದೆ, ಯುಗಾದಿ ಹೊತ್ತಿಗೆ ಎಲ್ಲಾ ಬಾಗಿಲ ಹಿಂದೆ ಜೇಡ ಸಾಕ್ತಾ ಇರುತ್ವೆ.

ಬೊಜ್ಜಿಂದ ಶುಗರ್, ಬಿಪಿ ಬರುತ್ತೆ ಅಂತ ಎಲ್ಲರಿಗೂ ಗೊತ್ತು, ಕ್ಯಾನ್ಸರ್ ಅಂದ್ರೆ ಮಾತ್ರ ನಂಬಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲೇ 13 ಬಗೆ ಕ್ಯಾನ್ಸರಿಗೆ ಬೊಜ್ಜಿನ ನಂಟಿದೆ ಅಂತ ಹೇಳಿದೆ: ದೊಡ್ಡ ಕರುಳು, ಗರ್ಭಕೋಶ, ಕಿಡ್ನಿ, ಪಿತ್ತಕೋಶ, ಮುಟ್ಟು ನಿಂತ ಮೇಲೆ ಬರೋ ಸ್ತನ ಕ್ಯಾನ್ಸರ್, ಹೀಗೆ. ಕೊಬ್ಬು ಸುಮ್ನೆ ಕೂತಿರಲ್ಲ, ಈಸ್ಟ್ರೋಜನ್ ಅನ್ನೋ ಹಾರ್ಮೋನ್ ತಯಾರಿಸುತ್ತೆ, ರಕ್ತದಲ್ಲಿ ಇನ್ಸುಲಿನ್ ಏರೋ ಹಾಗೆ ಮಾಡುತ್ತೆ, ಇವು ಹೆಚ್ಚಾದ್ರೆ ಕ್ಯಾನ್ಸರಿಗೆ ದಾರಿ. ಇದೆಲ್ಲ ವರ್ಷಗಟ್ಟಲೆ ನಡೆಯೋದು, ಹಾಗಾಗಿ ನಾವೂ ವರ್ಷಗಟ್ಟಲೆ ನಡೀಬೇಕು.

ಮೊದಲು ಟೇಪ್ ತಗೊಳ್ಳಿ. ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ಮಧ್ಯೆ, ಉಸಿರು ಬಿಟ್ಟು ಹೊಟ್ಟೆ ಸುತ್ತಳತೆ ಅಳೀರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ಹೊಟ್ಟೆ ಎಳ್ಕೊಂಡು ಅಳೆದ್ರೆ ನಿಮಗೆ ನೀವೇ ಟೋಪಿ ಹಾಕ್ಕೊಂಡ ಹಾಗೆ.

ಗುರಿ: ವಾರಕ್ಕೆ 150ರಿಂದ 300 ನಿಮಿಷ. ಸ್ಪೀಡು: ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು. ವಾರದಲ್ಲಿ ಎರಡು ದಿನ ಬಸ್ಕಿ, ಆಗಲ್ಲ ಅಂದ್ರೆ ಕೈ ಊರದೆ ಕುರ್ಚಿಯಿಂದ ಎದ್ದು ಕೂರೋದು.

ಈಗ ಎಲ್ಲರೂ ಎಡವೋ ಜಾಗ. ಮದುವೆ, ಜ್ವರ, ಮಳೆ ಅಂತ ಎರಡು ವಾರ ತಪ್ಪುತ್ತೆ, ಆಮೇಲೆ ಪಾಪಪ್ರಜ್ಞೆಯಿಂದ ಒಂದೇ ದಿನ ಎಂಟು ಕಿಲೋಮೀಟರ್ ನಡೆದು ಬಡ್ಡಿ ಸಮೇತ ತೀರಿಸೋಕೆ ಹೋಗ್ತಾರೆ, ಮಂಡಿ ಊದುತ್ತೆ, ಕಥೆ ಮುಗೀತು. ಹಾಗೆ ಮಾಡ್ಬೇಡಿ. ಬಿಟ್ಟಿದ್ದನ್ನ ಲೆಕ್ಕದಿಂದ ಅಳಿಸಿಬಿಡಿ. ಮೊದಲ ವಾರ ಹಳೇ ಟೈಮಿನ ಅರ್ಧ ಸಾಕು, 40 ನಿಮಿಷ ನಡೀತಿದ್ರೆ 20, ಅದೂ ಸಮತಟ್ಟು ರಸ್ತೇಲಿ. ಎರಡನೇ ವಾರ ಐದೈದು ನಿಮಿಷ ಸೇರಿಸ್ತಾ ಹೋಗಿ. ಜ್ವರದಿಂದ ಎದ್ದಿದ್ರೆ ಇನ್ನೂ ನಿಧಾನ, ಎದೆ ನೋವು ಬಂದ್ರೆ ನಿಲ್ಲಿಸಿ ಡಾಕ್ಟರ್ ಹತ್ರ ಹೋಗಿ. ಮಳೆ ಇದ್ರೆ ಮನೆಯೊಳಗೇ ಹತ್ತತ್ತು ನಿಮಿಷ ಮೂರು ಸಲ, ನಾನು ವರಾಂಡದಲ್ಲಿ ಫೋನಲ್ಲಿ ಮಾತಾಡ್ತಾ ತಿರುಗ್ತೀನಿ. ಒಂದು ಸಲ ನಡೆದ್ರೆ ಇನ್ಸುಲಿನ್ ಮೇಲಿನ ಪರಿಣಾಮ ಒಂದೆರಡು ದಿನ ಮಾತ್ರ ಇರುತ್ತೆ, ಅದಕ್ಕೇ ಮನೇಲಿ ನನ್ನ ರೂಲು, ಸತತ ಎರಡು ದಿನ ತಪ್ಪಿಸೋ ಹಾಗಿಲ್ಲ.

ಬೆವರಿಸೋ ಸೊಂಟದ ಬೆಲ್ಟು ದುಡ್ಡು ದಂಡ, ಹೋಗೋದು ನೀರು, ಕೊಬ್ಬಲ್ಲ. ಶೂಗೆ ಬೇಕಾದ್ರೆ ಖರ್ಚು ಮಾಡಿ. ವಾಕಿಂಗ್ ಮುಗಿಸಿ ಗುಂಪಾಗಿ ದರ್ಶಿನಿಗೆ ನುಗ್ಗಿ ಎರಡು ವಡೆ ತಿನ್ನೋದು ಬೇಡ, ಕಾಫಿ ಓಕೆ.

ತೂಕ ಇಳೀಲಿಲ್ಲ ಅಂತ ನಿಲ್ಲಿಸ್ಬೇಡಿ, ತೂಕ ಅಲ್ಲೇ ಇದ್ರೂ ನಡಿಗೆ ಕರುಳಿಗೆ ಒಳ್ಳೇದು ಮಾಡುತ್ತೆ. ಹಾಗಂತ ನಡೆಯೋರಿಗೆ ಕ್ಯಾನ್ಸರ್ ಬರೋದೇ ಇಲ್ಲ ಅಂತಲ್ಲ. ಮಲದಲ್ಲಿ ರಕ್ತ, ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ ಕಂಡ್ರೆ ಅವತ್ತು ಪಾರ್ಕ್ ಬಿಟ್ಟು ಸೀದಾ ಆಸ್ಪತ್ರೆ ಕಡೆ ನಡೀರಿ.