ಗುಡ್ಡದ ರಸ್ತೆಯ ಓಟ: ಸಮಯ ತಪ್ಪದಂತೆ ಹಿಡಿಯುವುದು ಹೇಗೆ?

ಊರಿನ ಯುವಕ ಸಂಘವೋ ಶಾಲೆಯೋ 10 ಕಿ.ಮೀ. ರಸ್ತೆ ಓಟ ಇಟ್ಟುಕೊಂಡರೆ ಟೀ ಶರ್ಟ್, ಪದಕ, ತಿಂಡಿಯ ಏರ್ಪಾಡಿಗೆ ವಾರಗಟ್ಟಲೆ ಓಡಾಡುತ್ತೇವೆ. ಸಮಯ ಹಿಡಿಯುವ ಕೆಲಸ ಮಾತ್ರ ಹಿಂದಿನ ರಾತ್ರಿ ಸಿಕ್ಕಿದವರ ಪಾಲಿಗೆ ಬೀಳುತ್ತದೆ. ಇದು ಸರಿಯಲ್ಲ. ತಿಂಗಳುಗಟ್ಟಲೆ ಬೆಳಿಗ್ಗೆ ಎದ್ದು ಓಡಿದ ಹುಡುಗಿ ಕೇಳುವ ಮೊದಲ ಪ್ರಶ್ನೆಯೇ ‘ನನ್ನ ಟೈಮ್ ಎಷ್ಟು?’ ಅಲ್ವಾ? ಕೊಡಗಿನ ತಿರುವು, ಮಂಜು, ಸಿಗ್ನಲ್ ಇಲ್ಲದ ದಾರಿಗಳ ನಡುವೆಯೂ ಆ ಉತ್ತರ ಸರಿಯಾಗಿ ಕೊಡಬಹುದು.

ಮೊದಲು ದಾರಿ ಅಳೆಯಿರಿ

ದೂರ ತಪ್ಪಿದರೆ ಸಮಯ ಎಷ್ಟು ಸರಿಯಿದ್ದರೂ ಉಪಯೋಗವಿಲ್ಲ. ಬೈಕಿನ ಮೀಟರ್ ನಂಬಬೇಡಿ. ಮೊಬೈಲ್ ಜಿಪಿಎಸ್ ಕೂಡ ಗುಡ್ಡದ ಮಗ್ಗುಲಲ್ಲಿ, ತೋಟದ ಮರಗಳ ಕೆಳಗೆ ಎಡವುತ್ತದೆ. ದೊಡ್ಡ ಸ್ಪರ್ಧೆಗಳಲ್ಲಿ ಸೈಕಲ್ಲಿನ ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ (ಚಕ್ರದ ಸುತ್ತು ಎಣಿಸುವ ಚಿಕ್ಕ ಸಾಧನ) ಕಟ್ಟಿ ಅಳೆಯುತ್ತಾರೆ. ಮೊದಲು ಉಕ್ಕಿನ ಟೇಪಿನಲ್ಲಿ ಒಂದು ನೇರ ರಸ್ತೆಯ ಉದ್ದ ಅಳೆದು, ಅದರ ಮೇಲೆ ಹಲವು ಸಲ ಸೈಕಲ್ ಓಡಿಸಿ ಎಣಿಕೆ ನೋಡಿಕೊಳ್ಳುತ್ತಾರೆ. ಆಮೇಲೆ ಇಡೀ ದಾರಿ. ಓಟಗಾರ ಓಡಬಹುದಾದ ಅತಿ ಚಿಕ್ಕ ಹಾದಿಯನ್ನೇ ಹಿಡಿಯಬೇಕು. ಅಂದರೆ ತಿರುವಿನಲ್ಲಿ ಒಳಬದಿ, ಅಂಚಿನಿಂದ 30 ಸೆಂ.ಮೀ. ಬಿಟ್ಟು. ನಮ್ಮ ರಸ್ತೆಗಳಲ್ಲಿ ತಿರುವು ಜಾಸ್ತಿ, ಹಾಗಾಗಿ ನಡುರಸ್ತೆಯಲ್ಲಿ ಅಳೆದರೆ ವ್ಯತ್ಯಾಸವೂ ಜಾಸ್ತಿ. ದಾರಿ ಕಡಿಮೆ ಆಗಬಾರದೆಂದು ಕಿ.ಮೀ.ಗೆ 1 ಮೀಟರ್ ಸೇರಿಸುವ ನಿಯಮವೂ ಇದೆ.

ಇಳಿಜಾರಿನ ವಿಷಯ ಮೊದಲೇ ಹೇಳಿಬಿಡಿ. ಮಡಿಕೇರಿಯಿಂದ ಕುಶಾಲನಗರಕ್ಕೆ ಓಡಿಸಿದರೆ ಸುಮಾರು 30 ಕಿ.ಮೀ.ಯಲ್ಲಿ ಹತ್ತಿರ ಹತ್ತಿರ 300 ಮೀಟರ್ ಇಳಿಯುತ್ತೀರಿ. ದಾಖಲೆಗೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಒಪ್ಪುವುದು ಒಟ್ಟಾರೆ ಕಿ.ಮೀ.ಗೆ 1 ಮೀಟರ್ ಇಳಿತ ಮಾತ್ರ. ಹೋಗಿ ಅದೇ ದಾರಿಯಲ್ಲಿ ವಾಪಸ್ ಬರುವ ಓಟ ಇಡುವುದೇ ವಾಸಿ.

ಎಲ್ಲರಿಗೂ ಒಂದೇ ಗಡಿಯಾರ

ದಾರಿಯ ನಡುವೆ ಸಮಯ ಬರೆಯುವ ಪಾಯಿಂಟಿನಲ್ಲಿ ನಿಂತವರು ಫೋನಿನಲ್ಲಿ ‘ಸ್ಟಾರ್ಟ್ ಆಯ್ತು’ ಅಂತ ಕೇಳಿಸಿಕೊಂಡು ಸ್ಟಾಪ್‌ವಾಚ್ ಒತ್ತುವ ಪದ್ಧತಿ ಬಿಡಿ. ಘಟ್ಟದ ದಾರಿಯಲ್ಲಿ ಕಾಲ್ ಹೋಗುವುದೇ ಖಾತ್ರಿ ಇಲ್ಲ. ಬೆಳಿಗ್ಗೆ ಎಲ್ಲರೂ ಒಂದೇ ಕಡೆ ಸೇರಿ ವಾಚುಗಳನ್ನು ಸೆಕೆಂಡಿಗೆ ಸೆಕೆಂಡ್ ಹೊಂದಿಸಿಕೊಳ್ಳಿ. ಆಮೇಲೆ ಯಾರೂ ಮುಟ್ಟುವಂತಿಲ್ಲ. ಪ್ರತಿ ಪಾಯಿಂಟಿನಲ್ಲೂ ಬರೆಯುವುದು ಗಡಿಯಾರದ ಸಮಯ. ಮಿಕ್ಕಿದ್ದು ಬರೀ ಕಳೆಯುವ ಲೆಕ್ಕ.

ಓಟ 6:30:00ಕ್ಕೆ ಶುರುವಾಯಿತು ಅಂತಿಟ್ಟುಕೊಳ್ಳಿ. 5 ಕಿ.ಮೀ. ಪಾಯಿಂಟಿನಲ್ಲಿ ಒಬ್ಬಳು 6:52:18ಕ್ಕೆ, ಕೊನೆಯ ಗೆರೆಯಲ್ಲಿ 7:16:41ಕ್ಕೆ ಬಂದಳು. ಮೊದಲರ್ಧ 22 ನಿಮಿಷ 18 ಸೆಕೆಂಡ್, ಒಟ್ಟು 46 ನಿಮಿಷ 41 ಸೆಕೆಂಡ್. ವಾಪಸ್ ಬಂದ ಮೇಲೆ ವಾಚುಗಳನ್ನು ಮತ್ತೆ ಪಕ್ಕಪಕ್ಕ ಇಟ್ಟು ನೋಡಿ. ಒಂದು 2 ಸೆಕೆಂಡ್ ಮುಂದಿದ್ದರೆ ಆಗಲೇ ಗೊತ್ತಾಗುತ್ತದೆ.

ಪಿಸ್ತೂಲು ಹಾರಿಸಿ ಓಟ ಶುರು ಮಾಡಿದರೆ ಕೊನೆಯ ಗೆರೆಗೆ ಬೇಕಾದ ಸ್ಟಾಪ್‌ವಾಚನ್ನು ಶಬ್ದ ಕೇಳಿ ಒತ್ತಬೇಡಿ, ಹೊಗೆ ನೋಡಿ ಒತ್ತಿ. ಶಬ್ದ 100 ಮೀಟರ್ ಬರಲು ಸುಮಾರು 0.3 ಸೆಕೆಂಡ್ ಹಿಡಿಯುತ್ತದೆ. ದಟ್ಟ ಮಂಜಿದ್ದರೆ ಹೊಗೆಯೇ ಕಾಣುವುದಿಲ್ಲ, ಸಮಯ ಹಿಡಿಯುವವರು ಸ್ಟಾರ್ಟರ್ ಪಕ್ಕದಲ್ಲೇ ನಿಲ್ಲಲಿ.

ನಡುವಿನ ಪಾಯಿಂಟ್ ಎಲ್ಲಿ?

ನಮ್ಮ ಕಡೆ ಎರಡು ಹೇರ್‌ಪಿನ್ ತಿರುವುಗಳ ನಡುವೆ ತೋಟದೊಳಗಿಂದ ಒಳದಾರಿ ಇರುವುದು ಮಾಮೂಲು. ಊರಿನ ಹುಡುಗರಿಗೆ ಅದು ಚೆನ್ನಾಗಿ ಗೊತ್ತು. ಆದ್ದರಿಂದ ಒಳದಾರಿ ಹಿಡಿದವರಿಗೆ ತಪ್ಪಿಹೋಗುವ ಆ ತಿರುವಿನಲ್ಲೇ ಒಂದು ಪಾಯಿಂಟ್ ಇಡಿ. ಓಟಗಾರರು ವಾಪಸ್ ತಿರುಗುವ ಕಡೆ ಇನ್ನೊಂದು ಬೇಕೇ ಬೇಕು. ಮಿಕ್ಕವನ್ನು ಏರು ದಾರಿಯ ನೇರ ಜಾಗದಲ್ಲಿ ಇಟ್ಟರೆ ಓಟಗಾರರು ನಿಧಾನವಾಗಿ ಬರುತ್ತಾರೆ, ಚೆಸ್ಟ್ ನಂಬರ್ ಓದಲು ಸಿಗುತ್ತದೆ. ಒಬ್ಬರು ನಂಬರ್ ಮತ್ತು ಸಮಯ ಕೂಗಲಿ, ಇನ್ನೊಬ್ಬರು ಬರೆಯಲಿ. ಪೆನ್ನಿಗಿಂತ ಪೆನ್ಸಿಲ್ ಒಳ್ಳೆಯದು, ಒದ್ದೆ ಕಾಗದದ ಮೇಲೂ ಮೂಡುತ್ತದೆ.

ಕೊನೆಯ ಗೆರೆ

ಇಲ್ಲಿ ಗಡಿಬಿಡಿ ಆಗುವುದು ಒಬ್ಬರೇ ಸಮಯವನ್ನೂ ನಂಬರನ್ನೂ ಹಿಡಿಯಲು ಹೋದಾಗ. ಒಬ್ಬರು ತಲೆ ಎತ್ತಿ ನಂಬರ್ ನೋಡದೆ, ಪ್ರತಿ ಓಟಗಾರರ ಎದೆ ಗೆರೆ ದಾಟಿದಾಗ ಲ್ಯಾಪ್ ಗುಂಡಿ ಮಾತ್ರ ಒತ್ತಲಿ. ಕೈ, ಕಾಲು, ತಲೆ ಲೆಕ್ಕಕ್ಕಿಲ್ಲ. ಗೆರೆ ದಾಟಿದವರನ್ನು ಹಗ್ಗ ಕಟ್ಟಿದ ಕಿರಿದಾದ ಓಣಿಗೆ ಸಾಲಾಗಿ ಬಿಡಿ, ಯಾರೂ ಯಾರನ್ನೂ ದಾಟದ ಹಾಗೆ. ಓಣಿಯ ಕೊನೆಯಲ್ಲಿ ಇನ್ನೊಬ್ಬರು ನಂಬರುಗಳನ್ನು ಬಂದ ಕ್ರಮದಲ್ಲಿ ಬರೆಯಲಿ. ಗೆರೆಯ ಬಳಿ ಮೂರನೆಯವರೊಬ್ಬರು ಆಗೊಮ್ಮೆ ಈಗೊಮ್ಮೆ, ಸುಮಾರು ಹತ್ತು ಜನರಿಗೊಮ್ಮೆ, ನಂಬರನ್ನೂ ಸಮಯವನ್ನೂ ಒಟ್ಟಿಗೆ ಬರೆದಿಡಲಿ. ನನಗೆ ಈ ಕೆಲಸವೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಎರಡು ಪಟ್ಟಿ ಜೋಡಿಸುವಾಗ 20ನೆಯವರು ಸರಿಹೊಂದಿ 30ನೆಯವರು ಹೊಂದದಿದ್ದರೆ, ತಪ್ಪು ಆ ಹತ್ತು ಜನರ ನಡುವೆಯೇ ಇದೆ. ಇಡೀ ಪಟ್ಟಿ ಕೆದಕಬೇಕಾಗಿಲ್ಲ. ಗಡಿಯಾರವೂ ಗೆರೆಯೂ ಕಾಣುವಂತೆ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟರೆ ಇನ್ನೂ ಧೈರ್ಯ.

ಮೊದಲ ಸ್ಥಾನಕ್ಕೆ ಮೂರು ವಾಚ್ ಇರಲಿ. ಎರಡು ಒಂದೇ ಹೇಳಿದರೆ ಅದೇ ಸಮಯ. ಮೂರೂ ಬೇರೆಯಾದರೆ ನಡುವಿನದು. ರಸ್ತೆ ಓಟದಲ್ಲಿ ಚೂರು ಸೆಕೆಂಡ್ ಇದ್ದರೆ ಮೇಲಕ್ಕೇ ಹೋಗಬೇಕು: 46:40.3 ಬಂದರೆ 46:41.

ಚಿಪ್ ಬೇಕೇ?

ನೂರಿನ್ನೂರು ಜನಕ್ಕೆ ಮೇಲಿನ ಏರ್ಪಾಡು ಸಾಕು. ಐನೂರು ದಾಟಿದರೆ ಓಟಗಾರರ ಸಮಯ ತಾನಾಗಿ ದಾಖಲಿಸುವ ಚಿಪ್ ಬಾಡಿಗೆಗೆ ತನ್ನಿ. ನಂಬರಿಗೆ ಅಂಟಿಸುವ ಚಿಪ್‌ನಲ್ಲಿ ಬ್ಯಾಟರಿ ಇರುವುದಿಲ್ಲ, ಗೆರೆಯಲ್ಲಿ ಹಾಸಿದ ಮ್ಯಾಟ್ ಒಳಗಿನ ಆಂಟೆನಾದ ಅಲೆಯಿಂದಲೇ ಅದಕ್ಕೆ ಶಕ್ತಿ. ನೀರು (ಒದ್ದೆ ಬಟ್ಟೆಯೂ, ಮೈಯೂ) ಆ ಅಲೆಯನ್ನು ಹೀರುತ್ತದೆ. ಹಾಗಾಗಿ ನಂಬರ್ ಮಡಚಬಾರದು, ಚಳಿಗೆ ಹಾಕಿದ ಜಾಕೆಟ್ಟಿನ ಒಳಗೆ ಮುಚ್ಚಿಡಬಾರದು. ಕಬ್ಬಿಣದ ಸೇತುವೆ, ಚರಂಡಿ ಜಾಲರಿಯ ಮೇಲೆ ಮ್ಯಾಟ್ ಹಾಸಬೇಡಿ. ಉಳಿದ ನಂಬರುಗಳ ಕಟ್ಟನ್ನು ಮ್ಯಾಟ್ ಹತ್ತಿರ ಇಟ್ಟರೆ ಓಡದವರ ಸಮಯವೂ ದಾಖಲಾಗುತ್ತದೆ.

ಚಿಪ್ ಎರಡು ಸಮಯ ಕೊಡುತ್ತದೆ: ಸ್ಟಾರ್ಟ್ ಆದ ಕ್ಷಣದಿಂದ ಒಂದು, ಓಟಗಾರ ಸ್ಟಾರ್ಟ್ ಗೆರೆ ದಾಟಿದ ಕ್ಷಣದಿಂದ ಇನ್ನೊಂದು. ಬಹುಮಾನ ಮೊದಲನೆಯದರಿಂದ. ಕಿರಿದಾದ ರಸ್ತೆಯಲ್ಲಿ ಹಿಂದೆ ನಿಂತವರಿಗೆ ಎರಡನೆಯದನ್ನೂ ಕೊಡಿ, ಅವರು ನಿಜವಾಗಿ ಓಡಿದ್ದು ಅಷ್ಟು ಹೊತ್ತು. ಎಲ್ಲ ಪಾಯಿಂಟಿನ ಹಾಳೆಗಳು ಕೊನೆಯ ಗಾಡಿಯಲ್ಲಿ ಬಂದು ಸೇರುವ ತನಕ ಮೈಕಿನಲ್ಲಿ ಫಲಿತಾಂಶ ಕೂಗಬೇಡಿ. ಬಂದ ಮೇಲೆ ಪಟ್ಟಿ ಅಂಟಿಸಿ, ಆಕ್ಷೇಪಣೆಗೆ ಅರ್ಧ ಗಂಟೆ ಬಿಡಿ.