‘ಅ’ ಬಿಡಿ, ‘ರ’ದಿಂದ ಹಿಡಿಯಿರಿ

ಓಣಿಯ ನಾಲ್ಕೈದು ಹೆಂಗಸರಿಗೆ ಓದು ಬರಹ ಕಲಿಸಬೇಕೆಂದು ಮನಸ್ಸು ಮಾಡಿದ್ದೀರಾ? ಕಲಿಯುವವರಿಗಂತೂ ಬರವಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಮಹಿಳಾ ಸಾಕ್ಷರತೆ ಶೇ 68, ಯಾದಗಿರಿ ಜಿಲ್ಲೆಯಲ್ಲಿ ಬರೀ ಶೇ 41.

ಮೊದಲು ಹೊತ್ತು ಗೊತ್ತುಮಾಡಿ. ಅದನ್ನು ಅವರೇ ಹೇಳಲಿ. ಸಂಜೆ ಆರೆಂದರೆ ಒಲೆ ಹಚ್ಚುವ, ಎಮ್ಮೆ ಹಿಂಡುವ ಹೊತ್ತು, ಯಾರೂ ಬರುವುದಿಲ್ಲ. ಪಾತ್ರೆ ತೊಳೆದಿಟ್ಟ ಮೇಲೆ ಒಂದು ಗಂಟೆ ಸಿಕ್ಕರೆ ದೊಡ್ಡದು. ಸುಗ್ಗಿಯಲ್ಲಿ ಅದೂ ಇಲ್ಲ, ರಜೆ ಕೊಟ್ಟುಬಿಡಿ. ಎಲ್ಲ ಕೇರಿಯವರೂ ಅಂಜದೆ ಬಂದು ಕೂರುವ ಜಾಗ ಬೇಕು. ಗುಡಿಕಟ್ಟೆ ಎಷ್ಟೋ ಊರುಗಳಲ್ಲಿ ಆ ಲೆಕ್ಕಕ್ಕೆ ಬರುವುದಿಲ್ಲ.

ಮೊದಲ ವಾರ ಪೆನ್ಸಿಲ್ ಬೇಡ. ಕುಡಗೋಲು ಹಿಡಿದ ಕೈ ಪೆನ್ಸಿಲನ್ನೂ ಅಷ್ಟೇ ಬಿಗಿಯಾಗಿ ಹಿಡಿಯುತ್ತದೆ. ಎರಡು ಸಲ ಮೊನೆ ಮುರಿದರೆ ‘ಇದು ನಮ್ಮಂಥವರಿಗಲ್ಲ ಬಿಡ್ರಿ’ ಅಂತ ಎದ್ದುಬಿಡುತ್ತಾರೆ. ರಂಗೋಲಿ ಪುಡಿ ಕೊಡಿ. ದಿನಾ ಬೆಳಿಗ್ಗೆ ಚುಕ್ಕಿ ಇಟ್ಟು ಎಳೆ ಸುತ್ತುವ ಬೆರಳಿಗೆ ಕನ್ನಡದ ದುಂಡಕ್ಷರ ಏನು ಮಹಾ? ನೆಲದ ಮೇಲೆ ‘ರ’ ಸುತ್ತಿ ತಲೆಕಟ್ಟು ಎಳೆಯುವುದನ್ನು ನೋಡಿದರೆ, ನಿಮ್ಮದಕ್ಕಿಂತ ಅವರ ‘ರ’ ಚೆಂದ ಇರುತ್ತದೆ. ಆಮೇಲೆ ಸ್ಲೇಟು, ಬಳಪ.

ಅ, ಆ, ಇ, ಈ ಎಂದು ಹೊರಟರೆ ‘ಋ’ ದಾಟುವಷ್ಟರಲ್ಲಿ ಅರ್ಧ ಜನ ಮನೆಯಲ್ಲಿರುತ್ತಾರೆ. ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳ ನಲಿ-ಕಲಿ ತರಗತಿಗಳ ಕ್ರಮವೇ ಇಲ್ಲಿಗೂ ಸರಿ: ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ಸರ, ರಸ, ಗರಗಸ, ದಸರ ಓದಬಹುದು. ‘ದರ’ ಓದಿದ ದಿನ ಸಂತೆಯ ಮಾತು ತೆಗೆಯಿರಿ. ಉಳ್ಳಾಗಡ್ಡಿ ದರ ಎಷ್ಟು, ದಲ್ಲಾಳಿ ಕೊಟ್ಟಿದ್ದೆಷ್ಟು? ಪಾಠ ತಾನೇ ಓಡುತ್ತದೆ.

ಅವರಿಗೆ ಮೊದಲು ಬೇಕಾಗಿರುವುದು ಸ್ವಂತ ಹೆಸರು. ಕಷ್ಟವೆಂದರೆ ಬಸವ್ವ, ಯಲ್ಲಮ್ಮ, ಲಕ್ಷ್ಮವ್ವ ಎಲ್ಲದರಲ್ಲೂ ಒತ್ತಕ್ಷರ! ಒತ್ತಿನ ಪಾಠಕ್ಕೆ ಕಾಯಿಸಬೇಡಿ, ಇಡೀ ಹೆಸರನ್ನು ಚಿತ್ರದಂತೆ ತಿದ್ದಿಸಿ. ಹಾಗಂತ ಸಹಿ ಬಂದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಓದಲಾರದ ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿದರೂ ಒಂದೇ, ಸಹಿ ಹಾಕಿದರೂ ಒಂದೇ. ಒತ್ತಕ್ಷರ ತಿಳಿದ ಮೇಲೆ ಸಂಘದ ಪಾಸ್‌ಬುಕ್ಕನ್ನೇ ಪಠ್ಯ ಮಾಡಿ: ಉಳಿತಾಯ, ಸಾಲ, ಬಡ್ಡಿ, ಬಾಕಿ.

ಬಾಯಿಲೆಕ್ಕದಲ್ಲಿ ಅವರೇ ನಿಮಗೆ ಮೇಷ್ಟ್ರು. ಅಂಕಿ ಬರೆಯುವುದಷ್ಟೇ ಬಾಕಿ. ಮೊಬೈಲಿನಲ್ಲಿರುವ 1, 2, 3 ಮೊದಲು, ಕನ್ನಡ ಅಂಕಿ ಆಮೇಲೆ. ನೋಟಿನ ಹಿಂಬದಿಯ ಭಾಷೆಗಳ ಪಟ್ಟಿಯಲ್ಲಿ ನಾಲ್ಕನೇ ಸಾಲು ಕನ್ನಡ, ಅದನ್ನು ಹುಡುಕಿಸಿ. ಎಲೆಅಡಿಕೆ ಚೀಲದಿಂದ ಮಡಚಿದ ನೋಟು ತೆಗೆದು, ದೀಪಕ್ಕೆ ಹಿಡಿದು ಹುಡುಕುವುದನ್ನು ನೋಡಬೇಕು.

ಪ್ರಮಾಣಪತ್ರ ಬೇಕೆಂದರೆ 15 ದಾಟಿದವರಿಗಾಗಿ ಕೇಂದ್ರದ ಉಲ್ಲಾಸ್ ಕಾರ್ಯಕ್ರಮವಿದೆ (2022–27). ಓದು, ಬರಹ, ಲೆಕ್ಕಕ್ಕೆ ತಲಾ 50 ಅಂಕದ ಪರೀಕ್ಷೆ. ಪರೀಕ್ಷೆಯ ಹೆಸರೆತ್ತಿ ಮೊದಲ ದಿನವೇ ಹೆದರಿಸಬೇಡಿ.

ನಾಲ್ಕು ದಿನ ಯಾರಾದರೂ ಬರದಿದ್ದರೆ ಮನೆಗೆ ಹೋಗಿ. ಯಾಕೆ ಬರಲಿಲ್ಲ ಅಂತ ಕೇಳದೆ ಒಂದು ಲೋಟ ಚಹಾ ಕುಡಿದು ಬನ್ನಿ. ಕಾರಣ ತಾನಾಗಿ ಹೊರಬೀಳುತ್ತದೆ. ಹೆಚ್ಚಿನ ಸಲ ಅತ್ತೆ ಅಥವಾ ಕೂಸಿನ ಜ್ವರ.

ತಿಂಗಳಾದ ಮೇಲೆ ಬಸ್ ನಿಲ್ದಾಣಕ್ಕೆ ಕರೆದೊಯ್ಯಿರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಆದರೂ ‘ಇದು ಎಲ್ಲಿಗೆ ಹೋಗ್ತದ್ರಿ’ ಅಂತ ಕೇಳುವ ಪಾಡು ತಪ್ಪಿಲ್ಲ. ಮೊದಲ ಐದು ಅಕ್ಷರ ಬಂದವರು ‘ಗದಗ’ ಓದುತ್ತಾರೆ. ಮುಂದಿನ ಐದು, ಅಂದರೆ ಜ, ವ, ಮ, ಬ, ನ ಬಂದವರು ಹುಬ್ಬಳ್ಳಿಯಲ್ಲಿ ನಿಂತು ‘ನವನಗರ’ದ ಬಸ್ಸನ್ನು ಯಾರನ್ನೂ ಕೇಳದೆ ಹತ್ತುತ್ತಾರೆ.