ಸಿಎಸ್ (ಕಂಪ್ಯೂಟರ್ ಸೈನ್ಸ್) ತಗೊಳ್ಲಾ ಬೇಡ್ವಾ ಅಂತ ಕೇಳೋರಿಗೆ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಒಂದ್ಸಲ, ಸಿಇಟಿ ರ‍್ಯಾಂಕ್ ಬಂದಾಗ ಇನ್ನೊಂದ್ಸಲ, ಪ್ರತಿವರ್ಷ ಇವೇ ಪ್ರಶ್ನೆಗಳು, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದು ಹಾಕ್ತಿದೀನಿ.

ಪಿಯುಲಿ ಪಿಸಿಎಂಬಿ (ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸು, ಬಯಾಲಜಿ) ತಗೊಂಡ್ರೆ ಇಂಜಿನಿಯರಿಂಗಲ್ಲಿ ಸಿಎಸ್ ಸಿಗಲ್ವಾ? ಧಾರಾಳವಾಗಿ ಸಿಗುತ್ತೆ. ಇಂಜಿನಿಯರಿಂಗ್ ಸಿಇಟಿಲಿ ಇರೋದು ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸು, ತಲಾ 60 ಮಾರ್ಕ್ಸು, ರ‍್ಯಾಂಕಲ್ಲಿ ಅರ್ಧ ಇದರಿಂದ ಇನ್ನರ್ಧ ಸೆಕೆಂಡ್ ಪಿಯು ಮಾರ್ಕ್ಸಿಂದ. ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್ ಇರೋ ಪಿಸಿಎಂಸಿ ಓದಿದೋರಿಗೆ ಮೊದಲ ಸೆಮ್ಮಲ್ಲಿ ಸ್ವಲ್ಪ ಸಲೀಸು, ಅಷ್ಟೇ. ಡಿಪ್ಲೊಮಾ ಮುಗ್ಸಿದೋರು ಡಿಸಿಇಟಿ (ಡಿಪ್ಲೊಮಾದೋರ ಸಿಇಟಿ) ಬರೆದು ಸೀದಾ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗ್ಬಹುದು. ಕಾಮರ್ಸ್‌ನೋರು ಬಿಸಿಎ (ಕಂಪ್ಯೂಟರ್ ಡಿಗ್ರಿ) ನೋಡಿ, ಕೆಲವು ಕಡೆ ಪಿಯುಲಿ ಮ್ಯಾಥ್ಸ್ ಇತ್ತಾ ಅಂತ ಕೇಳ್ತಾರೆ, ಅಪ್ಲಿಕೇಶನ್ ಫೀಸ್ ಕಟ್ಟೋ ಮುಂಚೆನೇ ವಿಚಾರಿಸ್ಕೊಳ್ಳಿ.

ಇನ್ನು ನನಗೆ ಇದು ಆಗಿಬರುತ್ತಾ ಅನ್ನೋದು. ಇದನ್ನ ಅಕ್ಕಪಕ್ಕದೋರನ್ನ ಕೇಳಿ ಏನೂ ಪ್ರಯೋಜನ ಇಲ್ಲ, ಮಾಡಿ ನೋಡ್ಬೇಕು. ಲ್ಯಾಪ್‌ಟಾಪ್ ಇಲ್ವಾ, ಪರ್ವಾಗಿಲ್ಲ, ಫೋನಿನ ಬ್ರೌಸರಲ್ಲೇ ಗೂಗಲ್ ಕೊಲಾಬ್ ತೆಗೀರಿ, ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಲಾಂಗ್ವೇಜಲ್ಲಿ ಕೋಡ್ ಬರೆದು ರನ್ ಮಾಡೋ ಜಾಗ, ಪುಕ್ಕಟೆ. ಅದ್ರಲ್ಲಿ 0.1 + 0.2 ಅಂತ ಹೊಡೆದು ರನ್ ಮಾಡಿ. 0.3 ಬರಲ್ಲ, 0.30000000000000004 ಬರುತ್ತೆ. ಕಂಪ್ಯೂಟರ್ ಒಳಗೆ ಇರೋದು ಬರೀ 0 ಮತ್ತು 1, ನಾವು 1ನ್ನ 3ರಿಂದ ಭಾಗಿಸಿದ್ರೆ 0.333 ಅಂತ ಮುಗೀದೇ ಹೋಗುತ್ತಲ್ಲ, ಬೈನರಿಲಿ 0.1ದೂ ಅದೇ ಕತೆ, ಎಲ್ಲೋ ಒಂದ್ಕಡೆ ಕತ್ತರಿಸ್ಲೇಬೇಕು, ಆ ಚೂರು ಕೊನೇಲಿ ಹಿಂಗೆ ಕಾಣ್ಸುತ್ತೆ. ಆಮೇಲೆ ಅದೇ ಕೊಲಾಬಲ್ಲಿ 'ಕನ್ನಡ' ಅನ್ನೋ ಪದದ ಉದ್ದ ಎಷ್ಟು ಅಂತ len('ಕನ್ನಡ') ಅಂತ ಹೊಡೆದು ಕೇಳಿ. ನಾವು ಮೂರು ಅಂತೀವಿ, ಪೈಥಾನ್ 5 ಅನ್ನುತ್ತೆ. ಯಾಕಂದ್ರೆ ಯೂನಿಕೋಡಲ್ಲಿ (ಎಲ್ಲಾ ಭಾಷೆಯ ಅಕ್ಷರಗಳಿಗೂ ನಂಬರ್ ಕೊಡೋ ಪದ್ಧತಿ) 'ನ್ನ' ಅನ್ನೋ ಒತ್ತಕ್ಷರ ಒಂದಲ್ಲ, ನ, ಹಲಂತ (್), ಮತ್ತೆ ನ ಅಂತ ಮೂರು ತುಂಡು. ಇದನ್ನ ನೋಡಿ 'ಅರೆ, ಹಂಗಾದ್ರೆ ಇಂಗ್ಲಿಷಿಗೆ ಎಷ್ಟು? ಎಮೋಜಿಗೆ?' ಅಂತ ಇನ್ನೂ ನಾಲ್ಕು ಹೊಡೆದು ನೋಡೋ ಹುಕಿ ಬಂತಾ, ಸಿಎಸ್ ನಿಮಗೆ ಒಗ್ಗುತ್ತೆ. ಸಂಬಳ ಎಷ್ಟು ಅಂತ ಮಾತ್ರ ತಲೇಲಿ ಇದ್ರೆ ನಾಲ್ಕು ವರ್ಷ ಬೋರ್ ಹೊಡಿಯುತ್ತೆ ಮಾರಾಯ್ರೆ.

ಮ್ಯಾಥ್ಸ್ ಭಯ ಇರೋರಿಗೆ: ಸಿಎಸ್ಸಲ್ಲಿ ಜಾಸ್ತಿ ಬಳಸೋದು ಲಾಜಿಕ್ಕು, ಸೆಟ್ಸು, ಪರ್ಮ್ಯುಟೇಶನ್ನು, ಪ್ರಾಬಬಿಲಿಟಿ. ಮಷಿನ್ ಲರ್ನಿಂಗ್ (ಡೇಟಾ ನೋಡಿ ಕಂಪ್ಯೂಟರೇ ಕಲಿಯೋ ಹಾಗೆ ಮಾಡೋದು) ಕಡೆ ಹೋದ್ರೆ ಮಾತ್ರ ಮ್ಯಾಟ್ರಿಕ್ಸೂ ಕ್ಯಾಲ್ಕುಲಸ್ಸೂ ಗಟ್ಟಿ ಇರ್ಬೇಕು. ಇಂಟಿಗ್ರೇಶನಲ್ಲಿ ಕಮ್ಮಿ ಮಾರ್ಕ್ಸ್ ಬಂತು ಅಂತ ಸಿಎಸ್ ಕೈಬಿಡ್ಬೇಡಿ.

ಯಾವ ಲಾಂಗ್ವೇಜ್ ಮೊದಲು? ಪೈಥಾನ್. ಕಾಲೇಜಲ್ಲಿ 1972ರ ಸಿ ಕಲಿಸ್ತಾರೆ, ಅದೂ ಬೇಕು, ಮೆಮೊರಿ ಒಳಗೆ ಏನು ನಡೀತಿದೆ ಅಂತ ಪಾಯಿಂಟರ್ (ಮೆಮೊರಿಯ ವಿಳಾಸ ಇಟ್ಕೊಳ್ಳೋದು) ಜೊತೆ ಗುದ್ದಾಡಿದ್ರೇನೇ ಗೊತ್ತಾಗೋದು, ಆದ್ರೆ ಅದು ಎರಡನೇದಾಗ್ಲಿ.

ಕನ್ನಡ ಮೀಡಿಯಂನೋರು ಜಾಸ್ತಿ ಹೆದರೋದು ಇಂಗ್ಲಿಷಿಗೆ. ನಿಜ ಹೇಳ್ಬೇಕಂದ್ರೆ ಕೋಡಲ್ಲಿ ದಿನಾ ಬರೋ ಇಂಗ್ಲಿಷ್ ಪದಗಳು ಬೆರಳೆಣಿಕೆಯಷ್ಟು. ಕಷ್ಟ ಅನ್ಸೋದು ಎರರ್ ಬಂದಾಗ, ಸ್ಕ್ರೀನ್ ತುಂಬಾ ಕೆಂಪಗೆ ಏನೇನೋ. ಪೈಥಾನಲ್ಲಿ ಕೊನೇ ಸಾಲು ಮೊದಲು ಓದಿ, ತಪ್ಪು ಏನು ಅಂತ ಅಲ್ಲಿರುತ್ತೆ, ಯಾವ ಲೈನಲ್ಲಿ ಅನ್ನೋದು ಅದರ ಸ್ವಲ್ಪ ಮೇಲೆ. ಅದನ್ನ ಒಂದು ನೋಟ್‌ಬುಕ್ಕಲ್ಲಿ ಕನ್ನಡದಲ್ಲೇ ಬರ್ಕೊಳ್ಳಿ, ಅವೇ ಅವೇ ಎರರ್ ವಾಪಸ್ ಬರ್ತಾ ಇರ್ತವೆ.

ಎಐ ಎಲ್ಲಾ ಬರೆಯುತ್ತಲ್ಲ ಅಂದ್ರೆ, ಬರೆಯುತ್ತೆ, ಎಷ್ಟೋ ಸಲ ತಪ್ಪೂ ಬರೆಯುತ್ತೆ, ನೋಡೋಕೆ ಮಾತ್ರ ಸರಿಯಾಗೇ ಇರುತ್ತೆ. ಅದ್ರಿಂದ ಬರೆಸ್ಕೊಂಡ್ರೆ ಆ ಟ್ಯಾಬ್ ಮುಚ್ಚಿ ಅದನ್ನೇ ಇನ್ನೊಂದ್ಸಲ ನೀವಾಗೇ ಬರೀರಿ.

ಕೊನೇದಾಗಿ ಆಪ್ಷನ್ ಎಂಟ್ರಿ, ಅಂದ್ರೆ ಸಿಇಟಿ ಸೀಟಿಗೆ ನಿಮಗೆ ಬೇಕಾದ ಕಾಲೇಜು, ಬ್ರಾಂಚ್ ಲಿಸ್ಟ್ ಹಾಕೋದು. ಸಿಎಸ್, ಐಎಸ್ (ಇನ್ಫರ್ಮೇಶನ್ ಸೈನ್ಸ್), ಎಐಎಂಎಲ್ (ಎಐ ಮತ್ತು ಮಷಿನ್ ಲರ್ನಿಂಗ್) ಮೂರರಲ್ಲೂ ಓದೋದು ಬಹುಪಾಲು ಒಂದೇ, ಬರೀ ಹೆಸರಿಗೋಸ್ಕರ ಸುಮಾರಾಗಿರೋ ಕಾಲೇಜಿಗೆ ಹೋಗ್ಬೇಡಿ. ಸೀಟ್ ಕೊಡೋವಾಗ ನಿಮ್ಮ ಲಿಸ್ಟನ್ನ ಮೇಲಿಂದ ಕೆಳಗೆ ನೋಡ್ಕೊಂಡು ಹೋಗ್ತಾರೆ, ಹಂಗಾಗಿ 'ಇದು ನನ್ನ ರ‍್ಯಾಂಕಿಗೆ ಸಿಗಲ್ಲ' ಅಂತ ಇಷ್ಟದ್ದನ್ನ ಕೆಳಗೆ ತಳ್ಬೇಡಿ, ಮೇಲೆ ಹಾಕಿದ್ರೆ ಏನೂ ನಷ್ಟ ಇಲ್ಲ, ಟ್ರಯಲಿಗೆ ಮಾಡೋ ಸೀಟ್ ಹಂಚಿಕೆ, ಅಂದ್ರೆ ಮಾಕ್ ಅಲಾಟ್‌ಮೆಂಟ್ ನೋಡ್ಕೊಂಡು ಆಮೇಲೆ ಆರ್ಡರ್ ಬದಲಾಯಿಸೋಕೂ ಟೈಮ್ ಕೊಡ್ತಾರೆ.